ಕಚ್ಚಲು ಬರುವ ಕುದುರೆಯನ್ನು ಬಾಡಿಗೆಗೆ ಪಡೆಯಬಹುದೇ?

ಪ್ರಶ್ನೆ: ನಮ್ಮೂರ ಹತ್ತಿರದ ತೋಟವೊಂದರಲ್ಲಿ ಎಂಟು ವರ್ಷದ ಮಾರವಾಡಿ ತಳಿಯ ಹೆಣ್ಣುಗುದುರೆ ಇದೆ. ವಾರಕ್ಕೆ ಮೂರು ದಿನ ಸವಾರಿಗೆಂದು ತಿಂಗಳ ಬಾಡಿಗೆಗೆ ಕೊಡುತ್ತಾರಂತೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಒಂದು ಕಿ.ಮೀ. ಹೋಗುವಷ್ಟರಲ್ಲಿ ಮನೆ ಕಡೆ ತಿರುಗಿ ನಿಲ್ಲುತ್ತದೆ. ಕೆಳಗಿಳಿದರೆ ಮಾತ್ರ ಹೆಗಲ ಮೇಲೆ ತಲೆಯಿಡುತ್ತದೆ, ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮಾಲೀಕರನ್ನು ಕೇಳಿದರೆ ‘ಅದರ ಗುಣಾನೇ ಹಂಗ ಅದರಿ’ ಅನ್ನುತ್ತಾರೆ. ನನ್ನ ತೂಕ 64 ಕೆ.ಜಿ. ಕರಾರು ಮಾಡಿಕೊಳ್ಳಲೇ?
– ಓದುಗರೊಬ್ಬರು, ಬೀದರ

ಉತ್ತರ: ಮಾಡಿಕೊಳ್ಳಿ, ಆದರೆ ಈ ವಾರವೇ ಬೇಡ. ಪಟ್ಟಿ ಬಿಗಿಯುವಾಗಲೇ ಕಚ್ಚುವ ಕುದುರೆಗೆ ಹೆಚ್ಚಾಗಿ ಎಲ್ಲೋ ನೋವಿರುತ್ತದೆ, ಇಲ್ಲವೇ ಹಿಂದೆ ನೋವುಂಡ ನೆನಪಿರುತ್ತದೆ. ಅದನ್ನು ಗುಣ ಎಂದು ಕೈಬಿಡುವಂತಿಲ್ಲ. ಮುಂಗಾಲಿನ ಹಿಂದೆ ಪಟ್ಟಿ ಕೂರುವ ಜಾಗದಲ್ಲಿ ಕೈಯಾಡಿಸಿ ಹುಣ್ಣು, ಗಂಟು ಇವೆಯೇ ನೋಡಿ. ಬೆನ್ನುಮೂಳೆಯ ಎರಡೂ ಬದಿ ಬೆರಳಿಂದ ಒತ್ತುತ್ತ ಹೋಗಿ. ಪ್ರತಿಸಲ ಅದೇ ಜಾಗದಲ್ಲಿ ಬೆನ್ನು ಕುಗ್ಗಿಸಿದರೆ ಜೀನು ಹೊಂದದಿರಬಹುದು. ಜಠರದ ಹುಣ್ಣೂ ಇರಬಹುದು: ಕುದುರೆ ತಿನ್ನಲಿ ಬಿಡಲಿ, ಜಠರದಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ. ಆರು ತಾಸು ಮೇವಿಲ್ಲದೆ ಕಟ್ಟಿದರೆ ಒಳಗೆ ಸುಡುತ್ತದೆ. ಸವಾರಿಗೆ ಅರ್ಧ ತಾಸು ಮೊದಲು ಅರ್ಧ ಕೆ.ಜಿ. ಒಣಮೇವು ತಿನ್ನಿಸಿ. ಕಚ್ಚುವ ದಿನಗಳನ್ನು ಬರೆದಿಡಿ. ಸುಮಾರು 21 ದಿನಕ್ಕೊಮ್ಮೆ ಸಿಡುಕು ಹೆಚ್ಚಿದರೆ ಅದು ಬೆದೆಯ ಕಾಟ. ಪಶುವೈದ್ಯಕೀಯ ಕಾಲೇಜು ನಿಮ್ಮ ಬೀದರಿನ ನಂದಿನಗರದಲ್ಲೇ ಇದೆ. ಕರಾರಿಗೆ ಮೊದಲು ಹಲ್ಲು, ಬೆನ್ನು, ಗೊರಸು ತೋರಿಸಿ.

ಪಟ್ಟಿಯನ್ನು ಒಂದೇ ಏಟಿಗೆ ಬಿಗಿಯಬೇಡಿ. ಸಡಿಲವಾಗಿ ಕಟ್ಟಿ ಹತ್ತು ಹೆಜ್ಜೆ ನಡೆಸಿ, ಒಂದು ತೂತು ಏರಿಸಿ, ಮತ್ತೆ ನಡೆಸಿ. ಹತ್ತುವ ಮುನ್ನ ಕೊನೆಯ ಬಿಗಿತ, ಆಗಲೂ ಎರಡು ಬೆರಳು ಒಳಗೆ ಹೋಗಬೇಕು. ಮಾರವಾಡಿಯ ಕಿವಿತುದಿ ಒಳಕ್ಕೆ ಬಾಗಿರುವುದರಿಂದ ಹೊಸಬರಿಗೆ ಅದರ ಸಿಟ್ಟು ಗೊತ್ತಾಗುವುದಿಲ್ಲ. ತುದಿ ಬಿಟ್ಟು ಕಿವಿಯ ಬುಡ ನೋಡಿ, ಬುಡ ಹಿಂದಕ್ಕೆ ಒರಗಿತೆಂದರೆ ಕೈ ಹಿಂದೆಗೆಯಿರಿ. ಬೆಲ್ಲವನ್ನು ಕೈಯಿಂದ ತಿನ್ನಿಸಬೇಡಿ, ಬುಟ್ಟಿಗೆ ಹಾಕಿ. ಅಂಗೈ ನೆಕ್ಕಿ ರೂಢಿಯಾದದ್ದು ನಾಳೆ ಬೆರಳು ಹುಡುಕುತ್ತದೆ. ಹೆಗಲ ಮೇಲಿನ ತಲೆಯೂ ಅರ್ಧ ಪ್ರೀತಿ, ಅರ್ಧ ತುರಿಕೆ. ಉಜ್ಜಿ ನಿಮ್ಮನ್ನು ಕೆಡವಲು ಬಿಡಬೇಡಿ.

ಮನೆ ಕಡೆ ತಿರುಗುವುದು ಮಾತ್ರ ಕಲಿತ ಚಟ: ತಿರುಗಿದರೆ ಸವಾರ ಇಳಿಯುತ್ತಾನೆ, ಜೀನು ಬಿಚ್ಚುತ್ತಾನೆ, ಮೇವು ಹಾಕುತ್ತಾನೆ. ಈ ಲೆಕ್ಕ ತಿರುವುಮುರುವಾಗಬೇಕು. ಅದು ನಿಲ್ಲುವ ಜಾಗಕ್ಕೆ 50 ಮೀಟರ್ ಇರುವಾಗಲೇ ನೀವಾಗಿ ನಿಲ್ಲಿಸಿ, ಇಳಿದು ಐದು ನಿಮಿಷ ಹುಲ್ಲು ಮೇಯಲು ಬಿಟ್ಟು ಮರಳಿ. ದಿನಕ್ಕೆ 20–30 ಮೀಟರ್ ಮುಂದೆ ಸರಿಯಿರಿ. ಮನೆ ಮುಟ್ಟಿದ ಮೇಲೆ ಹತ್ತು ನಿಮಿಷ ಬಾಗಿಲ ಮುಂದೆಯೇ ಸುತ್ತು ಹಾಕಿಸಿ. ಅಷ್ಟರಲ್ಲೂ ತಿರುಗಿದರೆ ಲಗಾಮನ್ನು ಎರಡೂ ಕೈಯಿಂದ ಜಗ್ಗಬೇಡಿ, ಹಾಗೆ ಜಗ್ಗಿದಾಗಲೇ ಕುದುರೆ ಮುಂಗಾಲೆತ್ತುವುದು. ಒಂದೇ ಬದಿಯ ಲಗಾಮನ್ನು ಪಕ್ಕಕ್ಕೆ ಸರಿಸಿ ಸಣ್ಣ ಸುತ್ತು ತಿರುಗಿಸಿ ಮುಂದಕ್ಕೆ ಬಿಡಿ. ಕಾಲೆತ್ತಿಯೇ ಬಿಟ್ಟರೆ ಲಗಾಮು ಸಡಿಲಿಸಿ, ಮುಂದಕ್ಕೆ ಬಾಗಿ ಜೂಲು ಹಿಡಿಯಿರಿ. ಮುಳ್ಳಿನ ಕಡಿವಾಣ ಹಾಕಿದ್ದರೆ ಮೊದಲು ತೆಗೆಸಿ. ಅದು ಬಾಯಿ ಹರಿಯುವುದಲ್ಲದೆ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮದಂತೆ ಅಪರಾಧ ಕೂಡ.

ತೂಕ ತಿಳಿಯಲು ತಕ್ಕಡಿ ಬೇಕಿಲ್ಲ. ಮುಂಗಾಲ ಹಿಂದಿನ ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ (ಎಲ್ಲ ಸೆಂ.ಮೀ.ನಲ್ಲಿ). ಸುತ್ತು 165, ಉದ್ದ 150 ಇದ್ದರೆ ಸುಮಾರು 344 ಕೆ.ಜಿ. ಸವಾರ, ಜೀನು ಸೇರಿ ಇದರ ಶೇ. 20 ಮೀರಬಾರದು, ಅಂದರೆ 69 ಕೆ.ಜಿ. ಎಂಟು ಕೆ.ಜಿ. ಜೀನಿನೊಡನೆ ನೀವು 72. ನಿಮ್ಮ ಕುದುರೆ ಇಷ್ಟೇ ಇದ್ದರೆ ಹಗುರ ಜೀನು ಹುಡುಕಿ. ಏಪ್ರಿಲ್–ಮೇ ಬಿಸಿಲಲ್ಲಿ ಬೆಳಿಗ್ಗೆ ಏಳೂವರೆಯೊಳಗೆ ಸವಾರಿ ಮುಗಿಸಿ.

ಕರಾರನ್ನು ಹೊಲದ ಲಾವಣಿಯಂತೆ (ಗೇಣಿಯಂತೆ) ಬಾಯಿಮಾತಲ್ಲಿ ಮುಗಿಸಬೇಡಿ. ಮೊದಲ ಒಂದು ತಿಂಗಳು ಪರೀಕ್ಷೆಗೆ ಎಂದಿರಲಿ. ಮೇವು, ಲಾಳ (ಐದಾರು ವಾರಕ್ಕೊಮ್ಮೆ), ಔಷಧದ ಖರ್ಚು ಯಾರದು, ನಿಮ್ಮ ದಿನಗಳಲ್ಲಿ ಬೇರೆಯವರು ಹತ್ತಬಹುದೇ, ಕುಂಟಿದಾಗ ಬಾಡಿಗೆ ನಿಲ್ಲುತ್ತದೆಯೇ, ಸತ್ತರೆ ಹೊಣೆ ಯಾರದು, ಎಲ್ಲವೂ ಬರಹದಲ್ಲಿರಲಿ. ಧನುರ್ವಾಯು ಲಸಿಕೆಯ ದಿನಾಂಕ, ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಕೇಳಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಹಳೆಯ ಗಾಯಗಳ ಫೋಟೊ ಆ ದಿನವೇ ತೆಗೆದಿಡಿ.

ಪ್ರಶ್ನೆ: ಬಾಡಿಗೆ ಕುದುರೆಗೆ ನಮ್ಮ ಹೊಲದ ಹಸಿ ಜೋಳ ಹಾಕಬಹುದೇ?
– ಓದುಗರೊಬ್ಬರು, ಸೇಡಂ

ಉತ್ತರ: ಬೇಡ. ಹಸಿ ಜೋಳದ ಮೇವು ಮೇಯುವ ಕುದುರೆಗೆ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುವ ರೋಗ ಬರುತ್ತದೆ, ಗುಣವಾಗುವುದು ಅಪರೂಪ. ಒಣಹುಲ್ಲು ಇಲ್ಲವೇ ಚೆನ್ನಾಗಿ ಒಣಗಿದ ಕಣಕಿ (ಜೋಳದ ದಂಟು) ಕೊಡಿ, 350 ಕೆ.ಜಿ. ಕುದುರೆಗೆ ದಿನಕ್ಕೆ 5ರಿಂದ 7 ಕೆ.ಜಿ. ಬಣವೆಯ ಬುಡದ ಬೂಸ್ಟು ಹಿಡಿದ ಕಣಕಿ ಹೊಟ್ಟೆಶೂಲೆಗೆ ದಾರಿ. ಹೊಸ ಮೇವಿಗೆ ಹತ್ತು ದಿನದಲ್ಲಿ ಮೆಲ್ಲಗೆ ಬದಲಿಸಿ. ನೀರು 25ರಿಂದ 40 ಲೀಟರ್, ಬೆವರಿದ ದಿನ ಒಂದು ಹಿಡಿ ಉಪ್ಪು.

ಪ್ರಶ್ನೆ: ಮಳೆಗಾಲದಲ್ಲಿ ಎರೆ ಹೊಲದಲ್ಲಿ ಓಡಿಸಬಹುದೇ?
– ಓದುಗರೊಬ್ಬರು, ಶಹಾಪುರ

ಉತ್ತರ: ಓಡಿಸಬೇಡಿ, ನಡೆಸಿ. ಎರೆ ಕೆಸರು ಲಾಳ ಕೀಳುತ್ತದೆ, ಕಾಲಿನ ಸ್ನಾಯುರಜ್ಜು ಸೆಳೆಯುತ್ತದೆ. ಬೇಸಿಗೆಯಲ್ಲಿ ಅದೇ ಹೊಲದ ಬಿರುಕಿಗೆ ಕಾಲು ಸಿಕ್ಕಿಬೀಳುತ್ತದೆ. ಬಂಡಿದಾರಿಯೇ ವಾಸಿ.