ಒಂದೇ ಚಿಹ್ನೆ, ಪಟ್ಟಿಯ ತುಂಬ ಲೆಕ್ಕ

ಪ್ರಶ್ನೆ: ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಪಟ್ಟಿಗಳ ನಡುವೆ ಕೂಡುವ ಚಿಹ್ನೆ ಇಟ್ಟರೆ ಲೂಪ್ (ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ನಡೆಸುವ ಸೂಚನೆ) ಇಲ್ಲದೆಯೇ ಉತ್ತರ ಬರುತ್ತದೆ, ಕೆಲವೊಮ್ಮೆ ಮಾತ್ರ ದೋಷ ತೋರಿಸುತ್ತದೆ. ಇದೇಕೆ?

ಉತ್ತರ: ಕೂಡುವುದು, ಕಳೆಯುವುದು, ಹೋಲಿಸುವುದು ಮುಂತಾದವುಗಳನ್ನು ಎಪಿಎಲ್‌ನಲ್ಲಿ ಸ್ಕೇಲಾರ್ ಫಂಕ್ಷನ್‌ಗಳೆನ್ನುತ್ತಾರೆ. ಇವು ಅರೇಯನ್ನು, ಅಂದರೆ ಪಟ್ಟಿ ಅಥವಾ ಕೋಷ್ಟಕವನ್ನು, ಇಡಿಯಾಗಿ ನೋಡದೆ, ಒಂದೊಂದು ಸ್ಥಾನದ ಅಂಶವನ್ನು ಅದೇ ಸ್ಥಾನದ ಇನ್ನೊಂದು ಅಂಶದೊಡನೆ ಜೋಡಿಸಿ ಲೆಕ್ಕ ಮಾಡುತ್ತವೆ. 2 4 6 ಎಂಬುದಕ್ಕೆ 10 20 30 ಕೂಡಿದರೆ 12 24 36 ದೊರೆಯುತ್ತದೆ. ಒಂದು ಬದಿಯಲ್ಲಿ 5 ಎಂಬ ಬಿಡಿ ಸಂಖ್ಯೆಯಷ್ಟೇ ಇದ್ದರೆ ಅದು ಎಲ್ಲ ಅಂಶಗಳಿಗೂ ಅನ್ವಯವಾಗುತ್ತದೆ. ಆದರೆ ಮೂರು ಅಂಶಗಳ ಪಟ್ಟಿಗೆ ಎರಡರದನ್ನು ಕೂಡಹೊರಟರೆ ಜೋಡಿ ಸಿಗದ ಕಾರಣ ಉದ್ದದ ದೋಷ ಬರುತ್ತದೆ; ಉಳಿದದ್ದನ್ನು ಸೊನ್ನೆಯೆಂದು ಊಹಿಸಿಕೊಳ್ಳದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಯಾಮಗಳು ಬೇರೆಯಾದಾಗ ಭಾಷೆಗಳ ದಾರಿಯೂ ಬೇರೆಯಾಗುತ್ತದೆ. 2 ಸಾಲು, 3 ಕಂಬಗಳ ಕೋಷ್ಟಕಕ್ಕೆ 2 ಅಂಶಗಳ ಪಟ್ಟಿಯನ್ನು ಕೂಡಿದರೆ, ಮೊದಲ ಆಯಾಮದಿಂದ, ಅಂದರೆ ಇಲ್ಲಿ ಸಾಲುಗಳಿಂದ, ಹೊಂದಿಸುವ ಜೆ ಭಾಷೆ ಸಾಲಿಗೊಂದು ಸಂಖ್ಯೆಯಂತೆ ಸೇರಿಸುತ್ತದೆ. ಕೊನೆಯ ಆಯಾಮದಿಂದ ಹೊಂದಿಸುವ ಪೈಥಾನ್‌ನ ನಂಪೈ ಲೈಬ್ರರಿ ಅದನ್ನೊಪ್ಪದೆ, ಕಂಬಗಳಿಗೆ ಸರಿಹೊಂದುವ 3 ಅಂಶಗಳ ಪಟ್ಟಿಯನ್ನು ಒಪ್ಪುತ್ತದೆ. ಎರಡನ್ನೂ ಬಳಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮತ್ತೆ ಎಪಿಎಲ್ ವಿಷಯಕ್ಕೆ ಬಂದರೆ, ಪಟ್ಟಿಯನ್ನು ಹಿಂದುಮುಂದಾಗಿಸುವಂಥ ಫಂಕ್ಷನ್‌ಗಳು ಸ್ಕೇಲಾರ್ ಗುಂಪಿಗೆ ಸೇರುವುದಿಲ್ಲ. ಪಟ್ಟಿಯೊಳಗಿನ ಪ್ರತಿಯೊಂದು ಉಪಪಟ್ಟಿಯನ್ನೂ ತಿರುಗಿಸಬೇಕಾದರೆ ‘ಈಚ್’ ಎಂಬ ಆಪರೇಟರ್ (ಫಂಕ್ಷನ್ ಒಂದನ್ನು ಪ್ರತಿ ಅಂಶಕ್ಕೂ ಅನ್ವಯಿಸುವ ಚಿಹ್ನೆ) ಜೋಡಿಸಬೇಕು. ಕೂಡುವ ಚಿಹ್ನೆಯಾದರೋ ಎಷ್ಟೇ ಒಳಪದರಗಳಿದ್ದರೂ ತಾನಾಗಿಯೇ ಸಂಖ್ಯೆಗಳವರೆಗೆ ಇಳಿಯುತ್ತದೆ.