ಅಪ್ಪನೊಂದಿಗೆ ಯಾವ ಭಾಷೆಯಲ್ಲಿ ಜಗಳವಾಡುವುದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಿಂಗಾಪುರದ ಚೀನೀ ಕುಟುಂಬ. ಮಗನಿಗೆ 31 ವರ್ಷ, ಬ್ಯಾಂಕಿನಲ್ಲಿ ಕೆಲಸ. ತಂದೆಗೆ 70, ಟ್ಯಾಕ್ಸಿ ಓಡಿಸಿ ನಿವೃತ್ತರಾದವರು. ತಾಯಿ ತೀರಿಕೊಂಡಿದ್ದಾರೆ. ವಸತಿ ಮಂಡಳಿಯ ಫ್ಲ್ಯಾಟಿನಲ್ಲಿ ಇಬ್ಬರೇ. ತಂದೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ ಎಂಬುದು ಪಕ್ಕದ ಮನೆಯವರಿಂದ ತಿಳಿದಾಗ ಮಗ ಆಪ್ತಸಲಹೆಗೆಂದು ನನ್ನ ಬಳಿ ಬಂದ.

"ನಾನು ಎಂದೂ ಎದುರು ಮಾತನಾಡಿದವನಲ್ಲ. ತಿಂಗಳು ತಿಂಗಳು ಹಣ ಕೊಡುತ್ತೇನೆ. ಆದರೂ ನನ್ನಿಂದ ಮುಚ್ಚಿಟ್ಟಿದ್ದಾರೆ" ಎಂಬುದು ದೂರು. ಜೀವನ ನಿರ್ವಹಿಸಲಾಗದ, 60 ದಾಟಿದ ಹೆತ್ತವರು ಮಕ್ಕಳಿಂದ ಜೀವನಾಂಶ ಕೇಳಬಹುದೆಂದು ಅಲ್ಲಿ 1995ರಲ್ಲೇ ಕಾನೂನು ಬಂದಿದೆ. ಆ ಲೆಕ್ಕದಲ್ಲಿ ಇವನದು ಯಾವ ಲೋಪವೂ ಇಲ್ಲ.

ಊಟದ ಹೊತ್ತಿನ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ. ತಂದೆ: "ಸಂಬಳ ಏರಿತೇ? ಮದುವೆ ಯಾವಾಗ? ಫ್ಲ್ಯಾಟಿಗೆ ಅರ್ಜಿ?" ಮಗ: "ಹ್ಞೂಂ, ಪಾ." ಬಳಿಕ ಮೊಬೈಲ್. ಫ್ಲ್ಯಾಟಿನ ಪ್ರಶ್ನೆ ಬರಿಯ ಕುತೂಹಲದ್ದಲ್ಲ, ಅದೂ ಮದುವೆಯದೇ. ಅವಿವಾಹಿತರು ಸಾಮಾನ್ಯವಾಗಿ 35 ತುಂಬುವವರೆಗೆ ಮಂಡಳಿಯ ಮನೆಯನ್ನು ಒಬ್ಬರೇ ಕೊಳ್ಳುವಂತಿಲ್ಲ.

ಇದರ ಕೆಳಗೆ ಇನ್ನೊಂದು ಗಂಟಿತ್ತು. ತಂದೆಯ ಮನೆಮಾತು ಟಿಯೋಚೂ, ದಕ್ಷಿಣ ಚೀನಾದ ಒಂದು ನುಡಿ. 1979ರಲ್ಲಿ ಸರ್ಕಾರ ಮ್ಯಾಂಡರಿನ್ (ಪ್ರಮಾಣ ಚೀನೀ ಭಾಷೆ) ಮಾತನಾಡುವ ಅಭಿಯಾನ ಹೂಡಿದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳೊಡನೆ ಟಿಯೋಚೂ, ಹೊಕ್ಕಿಯೆನ್‌ನಂಥ ನುಡಿಗಳನ್ನು ಆಡುವುದು ನಿಂತಿತು. 1987ರ ಹೊತ್ತಿಗೆ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮವಾದವು. ಅಪ್ಪ-ಮಗನ ನಡುವೆ ಉಳಿದದ್ದು ಇಬ್ಬರಿಗೂ ಎರವಲಾದ ಮ್ಯಾಂಡರಿನ್. ಅದರಲ್ಲಿ ಪ್ರಶ್ನೆ ಕೇಳಲು ಬರುತ್ತದೆ. ತಮಾಷೆ ಮಾಡಲು, ಮುನಿಸಿಕೊಳ್ಳಲು, ಮುನಿಸು ಇಳಿಸಲು ಬರುವುದಿಲ್ಲ. ಕಾಫಿ ಅಂಗಡಿಯ ಗೆಳೆಯರ ನಡುವೆ ಅಪ್ಪ ಭಾರಿ ಹಾಸ್ಯಗಾರ ಎಂಬುದೇ ಮಗನಿಗೆ ಗೊತ್ತಿರಲಿಲ್ಲ.

ತನ್ನ ಮೌನವನ್ನು ಅವನು ಗೌರವ ಎಂದ. ನನಗದು ನಯವಾಗಿ ಹಾಕಿದ ಅಗುಳಿಯಂತೆ ಕಂಡಿತು. ಹಿರಿಯರಿಗೆ ಎದುರಾಡಬಾರದೆಂದು ಕಲಿತ ಮಕ್ಕಳು (ನಮ್ಮ ಮನೆಗಳಲ್ಲೂ ಇದೇ ಪಾಠ ತಾನೇ) ಉತ್ತರಿಸದೆ ತಪ್ಪಿಸಿಕೊಳ್ಳುವುದನ್ನೂ ಕಲಿತಿರುತ್ತಾರೆ. ಕೆಟ್ಟ ಸುದ್ದಿ ಮುಚ್ಚಿಟ್ಟವರು ತಂದೆಯೊಬ್ಬರೇ ಅಲ್ಲ. ಮದುವೆಯಾಗಬೇಕಿದ್ದ ಹುಡುಗಿಯೊಂದಿಗಿನ ಸಂಬಂಧ ಮುರಿದು ವರ್ಷವಾಗಿದ್ದರೂ ಮಗ ಬಾಯಿ ಬಿಟ್ಟಿರಲಿಲ್ಲ.

ಮನಬಿಚ್ಚಿ ಮಾತನಾಡಿ ಎಂದು ನಾನು ಹೇಳಲಿಲ್ಲ. ಎದುರಿಗೆ ಕೂರಿಸಿಕೊಂಡರೆ ಆ ಹಿರಿಯರಿಗೆ ಅದು ವಿಚಾರಣೆಯಾಗುತ್ತದೆ. "ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಏಕೆ ಹೇಳಲಿಲ್ಲ ಎಂದು ಮಾತ್ರ ಕೇಳಬೇಡಿ. ವೈದ್ಯರಿಗೆ ಅವರೇ ಉತ್ತರಿಸಲಿ; ಅವರನ್ನು ಬದಿಗಿಟ್ಟು ನೀವು ಇಂಗ್ಲಿಷಿನಲ್ಲಿ ಮುಗಿಸಬೇಡಿ. ದಾರಿಯಲ್ಲಿ ಹಳೆಯ ರಸ್ತೆಗಳ ಸುದ್ದಿ ತೆಗೆಯಿರಿ, ಅದು ಅವರ ವಿದ್ಯೆ. ಟಿಯೋಚೂ ತಪ್ಪುತಪ್ಪಾಗಿ ಆಡಿ, ಅವರು ತಿದ್ದಲಿ" ಎಂದೆ. ಮುರಿದ ಸಂಬಂಧದ ವಿಷಯವನ್ನು ಮೊದಲು ಸೋದರತ್ತೆಗೆ ಹೇಳಲು ಸೂಚಿಸಿದೆ. ಮೂರನೆಯವರನ್ನು ನಡುವೆ ತರಬಾರದೆಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಇಂಥ ಮನೆಗಳಲ್ಲಿ ಮಧ್ಯಸ್ಥರಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಸುದ್ದಿ ಅರಗಿಸಿಕೊಳ್ಳಲು ತಂದೆಗೆ ಏಕಾಂತವೂ ಸಿಗುತ್ತದೆ. ಆಮೇಲೆ ಮಗನೇ ಎರಡು ಮಾತಿನಲ್ಲಿ ಹೇಳಿದರೆ ಸಾಕು.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಅತ್ತೆ ಮಾತ್ರ ಸುದ್ದಿ ಮುಟ್ಟಿಸಿ ಸುಮ್ಮನಾಗದೆ ಹೆಣ್ಣು ಹುಡುಕಲು ಹೊರಟರು. ತಂದೆ ಟಿಯೋಚೂನಲ್ಲಿ ಅಕ್ಕನನ್ನೇ ಗದರಿ ಮಗನ ಪರ ನಿಂತರಂತೆ. ಮಗನಿಗೆ ಅರ್ಧ ಅರ್ಥವಾಯಿತು. ಸಂಬಳದ ಪ್ರಶ್ನೆ ಈಗಲೂ ಬರುತ್ತದೆ. ಮಗ ಅಂಕಿ ಹೇಳುತ್ತಾನೆ, ತಂದೆ "ಸಾಲದು" ಎನ್ನುತ್ತಾರೆ.