ಪಟ್ಟಿಗಿಂತ ಮೊದಲು, ರಾಗಿ ಎಲ್ಲಿ ಬೀಸಿಸುತ್ತೀರಿ ಹೇಳಿ

ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಒಂದು ಪ್ರೋಟೀನ್) ಆಗಿಬರಲ್ಲ, ಏನೇನು ಬಿಡಬೇಕು ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಅಂಥದ್ದೊಂದು ಪಟ್ಟಿ ನಮ್ಮನೆ ಫ್ರಿಜ್ ಬಾಗಿಲ ಮೇಲೂ ಇತ್ತು. ಅದನ್ನು ಒಂದಕ್ಷರ ತಪ್ಪದೆ ಪಾಲಿಸಿಯೂ ಏಳು ತಿಂಗಳು ನರಳಿದ್ದೇನೆ.

ನಾನಿರುವುದು ಹಾಸನದಲ್ಲಿ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ, ಅಂತ ಗೊತ್ತಾದಾಗ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಚಪಾತಿ, ಬ್ರೆಡ್ಡು, ಉಪ್ಪಿಟ್ಟು, ಹೋಳಿಗೆ ಒಂದೇ ದಿನ ಬಿಟ್ಟೆ. ನಮ್ಮ ಕಡೆಯವರಿಗೇನು ಕಷ್ಟ, ಮುದ್ದೆ ಇದೆ, ಕಡುಬಿದೆ ಅಂದುಕೊಂಡು ಎರಡು ಹೊತ್ತೂ ಮುದ್ದೆ ಉಂಡೆ. ಹೊಟ್ಟೆ ಉಬ್ಬರ ಇಳಿಯಲಿಲ್ಲ, ಭೇದಿ ನಿಲ್ಲಲಿಲ್ಲ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಟಿಟಿಜಿ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಪ್ರತಿಕಾಯ) ಇನ್ನೂ ಮೇಲೇ. "ಕದ್ದು ಏನಾದ್ರೂ ತಿಂತಿದ್ದೀರಾ?" ಅಂತ ಡಾಕ್ಟರು ಕೇಳಿದಾಗ ಅಲ್ಲೇ ಅತ್ತುಬಿಟ್ಟೆ.

ಒಂದು ದಿನ ಹಿಟ್ಟಿನ ಮಿಲ್ಲಿನಲ್ಲಿ ಕರೆಂಟ್ ಹೋಯಿತು. ಕಾಯುತ್ತಾ ಕೂತಾಗ ಕಣ್ಣಿಗೆ ಬಿತ್ತು. ರಾಗಿ ಬೀಸಿದ ಕಲ್ಲಿಗೆ ಗೋಧಿ ಹಾಕಿಸಲು ಯಾರೂ ಒಪ್ಪಲ್ಲ, ಚಪಾತಿ ಕಪ್ಪಾಗುತ್ತೆ ಅಂತ. ಅದಕ್ಕೇ ಗೋಧಿ ಡಬ್ಬಗಳೆಲ್ಲ ಮುಂದೆ, ರಾಗಿ ಡಬ್ಬಗಳು ಸಾಲಿನ ಕೊನೆಗೆ. ಬೀದಿಯವರೆಲ್ಲರ ಗೋಧಿ ಬೀಸಿದ ಕಲ್ಲಿಗೇ ನನ್ನ ರಾಗಿ ಬೀಳುತ್ತಿತ್ತು. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಉಳಿದ ಗೋಧಿ ಹಿಟ್ಟು ಬಂದು ಸೇರುತ್ತಿದ್ದದ್ದು ನನ್ನ ಡಬ್ಬಕ್ಕೆ, ಪ್ರತಿ ವಾರವೂ. ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಅಂತ ಬರೆಯಬೇಕಾದರೆ 1 ಕೆಜಿಯಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಮೀರುವಂತಿಲ್ಲ. ಒಂದು ಚಿಟಿಕೆಯೂ ಅಲ್ಲ ಅದು! ರಾಗಿ ಕಾಳಿನಲ್ಲಿ ಗ್ಲುಟೆನ್ ಇಲ್ಲ, ನಿಜ. ನಾನು ಉಣ್ಣುತ್ತಿದ್ದದ್ದು ಮಿಲ್ಲಿನ ಹಿಟ್ಟು.

ಮನೆಗೇ ಸಣ್ಣ ಮಿಲ್ಲು ತಂದೆವು, ಗೋಧಿ ಅದರ ಹತ್ತಿರ ಸುಳಿಯುವಂತಿಲ್ಲ. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು.

ಹಾಗಾಗಿ ತಿಂಡಿಗಳ ಪಟ್ಟಿ ನಂಬಿ ಕೂರಬೇಡಿ. ಬಿಡಬೇಕಾದ ಧಾನ್ಯ ಮೂರು: ಗೋಧಿ, ಬಾರ್ಲಿ, ರೈ (ಗೋಧಿಯಂಥದೇ ಒಂದು ಧಾನ್ಯ, ಸಾಸಿವೆ ಅಲ್ಲ). ಮೈದಾ, ರವೆ ಎರಡೂ ಗೋಧಿಯೇ. ಇವು ಎಲ್ಲೆಲ್ಲಿ ನುಸುಳುತ್ತವೆ ಅಂತ ಹುಡುಕಿ. ನಿಪ್ಪಟ್ಟಿಗೆ ಮೈದಾ ಹಾಕುತ್ತಾರೆ, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯಲ್ಲಿ ಬಾರ್ಲಿ ಇರುತ್ತೆ, ಗೋಬಿಗೆ ಸುರಿಯುವ ಸೋಯಾ ಸಾಸಿನಲ್ಲಿ ಗೋಧಿ. ಹೋಟೆಲಿನ ಅಕ್ಕಿ ರೊಟ್ಟಿಯನ್ನೂ ನಾನು ಮುಟ್ಟಲ್ಲ, ಚಪಾತಿ ಬೇಯಿಸಿದ ಕಾವಲಿಯೇ ಅದಕ್ಕೂ.

ಇನ್ನೂ ಪರೀಕ್ಷೆ ಮಾಡಿಸಿಲ್ಲ ಅಂತ ಬರೆದಿದ್ದೀರಲ್ಲ, ದಯವಿಟ್ಟು ಅಲ್ಲಿಯವರೆಗೆ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಇಲ್ಲ ಅಂತ ಬರಬಹುದು.

ರಿಪೋರ್ಟ್ ಬಂದ ದಿನವೇ ಅಡುಗೆಮನೆಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತೆ. ನಮ್ಮನೆ ಒಗ್ಗರಣೆಗೆ ಈಗ ಬೆಳ್ಳುಳ್ಳಿ ಮಾತ್ರ.